ಐವತ್ತು ರೂಪಾಯಿಯ ರಿಟರ್ನ್ ಗಿಫ್ಟ್

ಪ್ರಶ್ನೆ: ಮಗಳ ಆರನೇ ಹುಟ್ಟುಹಬ್ಬಕ್ಕೆ 24 ಮಕ್ಕಳು ಬರುತ್ತಾರೆ. ರಿಟರ್ನ್ ಗಿಫ್ಟ್‌ಗೆ ತಲಾ 50 ರೂಪಾಯಿ ದಾಟಬಾರದು. ಏನು ಕೊಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಐವತ್ತು ಧಾರಾಳವಾಯ್ತಮ್ಮ. ಪೀಪಿ, ಸ್ಟಿಕ್ಕರ್ ಅಂತ ಹತ್ತು ಚಿಲ್ಲರೆ ಸಾಮಾನು ತುಂಬಬೇಡಿ, ಮಾರನೇ ದಿನವೇ ಕಸಕ್ಕೆ ಹೋಗುತ್ತವೆ. ಮೊಮ್ಮಗನ ಹುಟ್ಟುಹಬ್ಬಕ್ಕೆ ನಾನು ಚನ್ನಪಟ್ಟಣದಿಂದ ಡಜನ್ ಲೆಕ್ಕದಲ್ಲಿ ಬುಗುರಿ ತಂದಿದ್ದೆ, ಒಂದಕ್ಕೆ 30 ರೂಪಾಯಿ ಬಿತ್ತು. ಹಾಲೆ ಮರದ್ದು, ಅರಗಿನ ಬಣ್ಣ. ಬೆರಳಲ್ಲಿ ತಿರುಪಿ ಬಿಟ್ಟರೆ ಕೆಂಪು, ಹಳದಿ ಪಟ್ಟೆಗಳು ಕಲೆತು ಕಿತ್ತಳೆಯಾಗುತ್ತವೆ. ಮಕ್ಕಳು ಊಟ ಮರೆತು ನೆಲದ ಮೇಲೇ ಕೂತಿದ್ದರು. ಜೊತೆಗೆ ಮನೆಯಲ್ಲೇ ಮಾಡಿದ ಎರಡು ಕೊಬ್ಬರಿ ಮಿಠಾಯಿ ಇಡಿ. ಕಡಲೆಬೀಜದ ಚಿಕ್ಕಿ ಬೇಡ, ಕೆಲವು ಮಕ್ಕಳಿಗೆ ಆಗುವುದಿಲ್ಲ. ಚೀಲಕ್ಕೆ? ಅರಿಶಿನ ಕುಂಕುಮದಲ್ಲಿ ಬಂದ ರವಿಕೆ ಕಣ ಬೀರುವಿನಲ್ಲಿ ಇದ್ದೇ ಇರುತ್ತವಲ್ಲ! ಒಂದು ಕಣಕ್ಕೆ ಆರು ಚೀಲ ಹೊಲಿಯಬಹುದು. ತೀರಾ ಪುಟ್ಟ ಮಕ್ಕಳು ಬಂದರೆ ಬುಗುರಿ ಬದಲು ಗಿಲಕಿ ಕೊಡಿ.