ಪ್ರತಿ: ಸ್ಟ್ರೋಕ್ ಆದ ಮೇಲೆ ಅಪ್ಪನಿಗೆ ಎಡಗಡೆ ಕಾಣುತ್ತಿಲ್ಲ

ಎರಡು ತಿಂಗಳಾದರೂ ತಂದೆಗೆ ಎಡಭಾಗ ಕಾಣುತ್ತಿಲ್ಲ, ಕನ್ನಡಕ ಬದಲಿಸಿದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ. ಅದರಿಂದ ಸರಿಹೋಗಲ್ಲ. ಪೆಟ್ಟು ಬಿದ್ದಿರುವುದು ಕಣ್ಣಿಗಲ್ಲ, ಮಿದುಳಿಗೆ. ಅದಕ್ಕೇ ಎರಡೂ ಕಣ್ಣಲ್ಲಿ ಒಂದೇ ಕಡೆ ಕಾಣುವುದಿಲ್ಲ. ತಾನಾಗಿ ಮರಳುವ ದೃಷ್ಟಿ ಹೆಚ್ಚಾಗಿ ಮೊದಲ 3 ತಿಂಗಳಲ್ಲೇ ಮರಳುತ್ತದೆ.

ಅದಕ್ಕೆ ಕಾಯುತ್ತಾ ಸುಮ್ನೆ ಕೂರಬೇಡಿ, ಸ್ಕ್ಯಾನಿಂಗ್ ತರಬೇತಿ ಈಗಲೇ ಶುರು ಮಾಡಿಸಿ. ಕಾಣದ ಕಡೆಗೆ ಬೇಕೆಂದೇ ಕಣ್ಣು, ತಲೆ ತಿರುಗಿಸಿ ನೋಡುವ ಅಭ್ಯಾಸ ಅದು. ಇದು ಕಳೆದುಹೋದ ದೃಷ್ಟಿಯನ್ನು ತರುವುದಿಲ್ಲ, ಆದರೆ ಓಡಾಟ ಸುಲಭವಾಗುತ್ತದೆ. ಓದುವಾಗ ಪುಟದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಸಾಲಿನ ಕೆಳಗೆ ಸ್ಕೇಲ್ ಇಡಿ. ಕೆಂಪು ಗೆರೆ ಕಾಣುವವರೆಗೂ ಕಣ್ಣು ಎಡಕ್ಕೆ ಹೋಗಬೇಕು. ನನ್ನ ಅಮ್ಮ ಮತ್ತೆ ಓದಲು ಕಲಿತದ್ದು ಹೀಗೇ.

ಪ್ರಿಸಂ ಕನ್ನಡಕ (ಕಾಣದ ಕಡೆಯ ದೃಶ್ಯವನ್ನು ಕಾಣುವ ಕಡೆಗೆ ಸರಿಸಿ ತೋರಿಸುವ ಗಾಜಿನದು) ಕೆಲವರಿಗೆ ನೆರವಾಗುತ್ತದೆ, ಕೆಲವರಿಗೆ ಗೊಂದಲ ಜಾಸ್ತಿ. ಕೊಳ್ಳುವ ಮೊದಲು ಹಾಕಿ ನೋಡಲಿ. ದೃಷ್ಟಿ ಮರಳಿಸುತ್ತೇವೆ ಎನ್ನುವ ದುಬಾರಿ ಕಂಪ್ಯೂಟರ್ ಚಿಕಿತ್ಸೆಗಳಿಗೆ ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲ.

ಇನ್ನೊಂದು ಮಾತು. ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತಾ? ಎಡಗಡೆ ಏನೋ ಕಾಣುತ್ತಿಲ್ಲ ಅನ್ನುವುದೇ ಅವರಿಗೆ ತಿಳಿಯುತ್ತಿಲ್ವಾ? ಹಾಗಿದ್ದರೆ ಅದು ಗಮನದ ತೊಂದರೆಯೂ ಇರಬಹುದು, ಅಂದರೆ ಮಿದುಳು ಆ ಕಡೆಯನ್ನೇ ಗಮನಿಸದಿರುವುದು. ದೃಷ್ಟಿ ಕ್ಷೇತ್ರದ ಪರೀಕ್ಷೆ (ಯಾವ ಕಡೆ ಎಷ್ಟು ಕಾಣುತ್ತದೆ ಎಂದು ಅಳೆಯುವುದು) ಮಾಡಿಸುವಾಗ ಇದನ್ನೂ ವೈದ್ಯರಿಗೆ ಹೇಳಿ. ಅಲ್ಲಿಯವರೆಗೂ ದಯವಿಟ್ಟು ಗಾಡಿ ಓಡಿಸಲು ಬಿಡಬೇಡಿ.