ಅಚ್ಚಿನ ಪಾತ್ರಗಳನ್ನು ಬಿಡಬೇಡಿ, ಅವರ ಹೆಮ್ಮೆ ಎಲ್ಲಿದೆ ಹುಡುಕಿ

ಗದರುವ ಮೇಷ್ಟ್ರು, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅಜ್ಜಿ, ಸೊಕ್ಕಿನ ಸಾಹುಕಾರ. ಇಂಥ ಅಚ್ಚಿನ ಪಾತ್ರಗಳನ್ನಿಟ್ಟುಕೊಂಡರೆ ಕತೆ ಸಪ್ಪೆಯಾಗುತ್ತಿದೆ, ಇವನ್ನು ಬಿಟ್ಟೇಬಿಡಲೇ ಅಂತ ಕೇಳಿದ್ದೀರಿ. ಖಂಡಿತ ಬಿಡಬೇಡಿ.

ನಾನು ಕರಾವಳಿಯವನು. ಚಿಕ್ಕಂದಿನಲ್ಲಿ ಯಕ್ಷಗಾನದ ಆಟಕ್ಕೆ ಹೋದರೆ ಮೊದಲು ನುಗ್ಗುತ್ತಿದ್ದುದು ವೇಷ ಕಟ್ಟುವ ಚೌಕಿಗೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಕನ್ನಡಿಯ ಮುಂದೆ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದರು. ಚುಟ್ಟಿ ಇಡೋದು ಗಂಟೆಗಟ್ಟಲೆಯ ಕೆಲಸ. ಒಂದು ಚುಕ್ಕಿ ಒಣಗದೆ ಅದರ ಮೇಲೆ ಇನ್ನೊಂದು ನಿಲ್ಲದು. ನೋಡನೋಡುತ್ತ ಮನುಷ್ಯನ ಮುಖ ಮರೆಯಾಗಿ ರಾವಣ ಕೂತಿರುತ್ತಿದ್ದ. ರಾಜವೇಷ, ಎಳೆಯ ವೀರರ ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ: ಬಂದವನು ಎಂಥವನು ಅಂತ ಅವನು ಬಾಯಿ ತೆರೆಯುವ ಮೊದಲೇ ಸಭೆಗೆ ಗೊತ್ತು. ಆದರೂ ಜನ ಬೆಳಗಿನ ತನಕ ಕೂರುತ್ತಿದ್ದರು. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ, ಅಂದರೆ ಆಟದ ಕಾವ್ಯದಲ್ಲಿ, ಮೊದಲೇ ಇರುತ್ತದೆ, ಮಾತನ್ನು ಮಾತ್ರ ವೇಷಧಾರಿಯೇ ಅಲ್ಲೇ ಕಟ್ಟಬೇಕು. ಎಂಥವನು ಅಂತ ಗೊತ್ತಿದ್ದವನು ಈ ಇಕ್ಕಟ್ಟಿನಲ್ಲಿ ಏನು ಹೇಳಿಯಾನು ಅನ್ನೋ ಕುತೂಹಲ ನಿದ್ದೆ ಬರಲು ಬಿಡುತ್ತಿರಲಿಲ್ಲ.

ಪಾತ್ರ ಯಾವ ಗುಣದಿಂದ ಗುರುತಾಗುತ್ತದೋ ಅದೇ ಗುಣಕ್ಕೆ ಪೆಟ್ಟು ಬೀಳುವ ಕಡೆ ಅದನ್ನು ತಂದು ನಿಲ್ಲಿಸಿ. ಅಭಿಮನ್ಯುವಿನ ಪುಂಡುವೇಷದ ಗುಣ ಮುನ್ನುಗ್ಗುವುದು. ಅವನೆದುರು ಇರುವುದು ಒಳಹೋಗಲು ಗೊತ್ತಿದ್ದು ಹೊರಬರಲು ಗೊತ್ತಿಲ್ಲದ ಚಕ್ರವ್ಯೂಹ. ಸುಮಾರು 900 ವರ್ಷಗಳ ಹಿಂದೆ ನಾಗಚಂದ್ರ ಕವಿ ತನ್ನ ಜೈನ ರಾಮಾಯಣದಲ್ಲಿ ರಾವಣನನ್ನು ನಡೆಸಿಕೊಂಡ ರೀತಿ ನೋಡಿ. ಸೀತೆಯ ನಿಷ್ಠೆ ಕಂಡು ಇವನ ಮನಸ್ಸು ತಿರುಗುತ್ತದೆ, ತಪ್ಪು ಮಾಡಿದೆ ಅನಿಸುತ್ತದೆ. ಹಾಗಾದರೆ ಆಗಲೇ ಅವಳನ್ನು ರಾಮನಿಗೆ ಒಪ್ಪಿಸಬಹುದಲ್ಲ? ಒಪ್ಪಿಸಿದರೆ ಹೆದರಿದ ಅಂದಾರು. ಮೊದಲು ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಕೊಡುತ್ತೇನೆ ಅಂತ ಯುದ್ಧಕ್ಕೇ ಹೊರಡುತ್ತಾನೆ. ರಾವಣನ ಅಹಂಕಾರ ಒಂದು ಕೂದಲೂ ಕೊಂಕಿಲ್ಲ. ಪಶ್ಚಾತ್ತಾಪದ ದಾರಿಗೆ ಅಡ್ಡ ನಿಂತಿರುವುದೇ ಅದು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಅಂತ ನಮ್ಮ ಅಲಂಕಾರಶಾಸ್ತ್ರದವರು ನಾಯಕರನ್ನು ವಿಂಗಡಿಸಿದ್ದಾರೆ. ಎಲ್ಲರ ಮನಸ್ಸಿನಾಳದಲ್ಲೂ ಇರುವ ಅಚ್ಚುಗಳು ಅಂತ ಮನಶ್ಶಾಸ್ತ್ರಜ್ಞ ಯೂಂಗ್ ಹೇಳಿದ ಮೂಲಪ್ರತಿಮೆಗಳೂ ಇವೆ. ಬರೆದ ಮೇಲೆ ತಾಳೆ ನೋಡಲು ಒಳ್ಳೆಯವು. ಪಟ್ಟಿ ಮುಂದಿಟ್ಟುಕೊಂಡು ಬರೆಯಲು ಕೂತರೆ ನನಗಂತೂ ಏನೂ ಹುಟ್ಟಿಲ್ಲ.

ನಿಮ್ಮ ಮೇಷ್ಟ್ರ ಥರದವರನ್ನೇ ನಾನೂ ಒಮ್ಮೆ ಬರೆದೆ. ಅಕ್ಷರ ಸೊಟ್ಟಗಾದರೆ ಗೆಣ್ಣಿಗೆ ರೂಲುದೊಣ್ಣೆಯಿಂದ ಹೊಡೆಯುತ್ತಿದ್ದವರು. ಈಗ ನಿವೃತ್ತರು, ಕೈ ನಡುಗುತ್ತದೆ, ಬ್ಯಾಂಕಿನಲ್ಲಿ ಸಹಿ ತಾಳೆಯಾಗುವುದಿಲ್ಲ. ಕೌಂಟರಿನ ಆಚೆ ಕೂತವನು ಹಳೇ ಶಿಷ್ಯ. ಮೊದಲ ಸಲ ಬರೆದಾಗ ಮೇಷ್ಟ್ರು ಕಣ್ಣೀರು ಹಾಕುವಂತೆ ಮಾಡಿದ್ದೆ. ಓದಿದರೆ ಸುಳ್ಳು ಅನಿಸಿತು, ಹರಿದುಹಾಕಿದೆ. ಎರಡನೇ ಸಲ ಅವರು ಮಾತಾಡದೆ ಇನ್ನೊಂದು ಚೀಟಿ ಕೇಳಿದರು, ಮತ್ತೊಂದು ಕೇಳಿದರು. ನಾಲ್ಕನೆಯದನ್ನು ಹಿಡಿದುಕೊಂಡು, "ಏನಯ್ಯಾ, 'ಕಾತೆ ಸಂಖ್ಯೆ' ಅಂತ ಅಚ್ಚು ಹಾಕಿಸಿದ್ದೀರಿ, ಮಹಾಪ್ರಾಣ ಎಲ್ಲಿ ಹೋಯ್ತು?" ಅಂದರು. ಹುಡುಗ ತನಗೇ ತಿಳಿಯದಂತೆ ಎದ್ದು ನಿಂತ. ಮೇಷ್ಟ್ರು ಜೀವಂತವಾದದ್ದು ಅಲ್ಲಿ.

ಎಲ್ಲರಿಗೂ ಇಷ್ಟು ಮಾಡಲು ಹೋಗಬೇಡಿ. ಸುದ್ದಿ ತರುವ ದೂತ ಸುದ್ದಿ ಹೇಳಿ ಹೋಗಲಿ, ಅವನ ಬಾಲ್ಯ ನಮಗೆ ಬೇಡ. ನಿಮ್ಮ ಸಾಹುಕಾರನೂ ಈ ಕತೆಯ ಮಟ್ಟಿಗೆ ಬರೀ ಸಾಹುಕಾರನಾಗಿದ್ದರೆ ಸಾಕು ಅನಿಸುತ್ತದೆ.

ಅಜ್ಜಿಯನ್ನು ಮಾತ್ರ ಕೈಬಿಡಬೇಡಿ. ತನ್ನ ಮನೆಯಿಂದ ಯಾರೂ ಹಸಿದು ಹೋಗಿಲ್ಲ ಅನ್ನೋದೇ ಅವರ ಹೆಮ್ಮೆ ಅಲ್ಲವೇ? ಅವರನ್ನು ಬೆಂಗಳೂರಿನ ಮಗನ ಮನೆಗೆ ಕಳಿಸಿ. ಸೊಸೆ ಪ್ರೀತಿಯಿಂದಲೇ, ಬೇರೆ ಯಾರಿಗೂ ಬಡಿಸುವ ಮೊದಲು ಅವರ ಮುಂದೆ ತಟ್ಟೆ ಇಟ್ಟು "ನೀವು ಕೂತ್ಕೊಳ್ಳಿ ಅತ್ತೆ, ನಾನು ಬಡಿಸ್ತೀನಿ" ಅನ್ನಲಿ. ಆ ತಟ್ಟೆಯ ಮುಂದೆ ಅಜ್ಜಿಯ ಕೈ ಏನು ಮಾಡುತ್ತದೆ ಅನ್ನೋದನ್ನು ಬರೆದು ನೋಡಿ.