“ಅಲ್ಲಿನವರು ನಮ್ಮನ್ನು ಹೇಗೆ ನೋಡ್ತಾರೆ ಅಣ್ಣ?”

ತಮ್ಮಾ, ನಿನ್ನ ಪತ್ರ ಓದಿದೆ. ಕುಮಟೆಯಿಂದ ಗೇರುಬೀಜ ಖರೀದಿ ಕೆಲಸಕ್ಕೆ ಮೊಜಾಂಬಿಕ್‌ನ ನಂಪುಲಾಕ್ಕೆ ಬರುತ್ತಿದ್ದೀಯ. ಊಟ, ಮಲೇರಿಯಾ, ಭಾಷೆ ಎಲ್ಲ ಕೇಳಿ ಕೊನೆಗೆ ಒಂದು ಸಾಲು ಬರೆದಿದ್ದೀಯ, ಅಲ್ಲಿನವರು ನಮ್ಮನ್ನು ಹೇಗೆ ನೋಡ್ತಾರೆ ಅಂತ.

ಮೊದಲಿನ ಪ್ರಶ್ನೆಗಳು ಸುಲಭ. ಸೊಳ್ಳೆಪರದೆ ಬಿಡಬೇಡ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸು. ಅಕ್ಕಿ ಸಿಗುತ್ತದೆ, ತೆಂಗಿನಕಾಯಿ ಧಾರಾಳ. ಮರಗೆಣಸಿನ ಸೊಪ್ಪಿಗೆ ಶೇಂಗಾ, ಕಾಯಿಹಾಲು ಹಾಕಿ ಮಾಡುವ ಮತಾಪಾ ನಮ್ಮ ನಾಲಿಗೆಗೆ ಬೇಗ ಹೊಂದುತ್ತದೆ. ಪೋರ್ಚುಗೀಸ್ ಕಲಿಯಲೇಬೇಕು, ಆದರೆ ಹೆದರಬೇಡ. ಮೇಜು, ಚಾವಿ, ಬಟಾಟೆ, ಮೇಸ್ತ್ರಿ, ಪಗಾರ, ಇವೆಲ್ಲ ಅವರಿಂದಲೇ ನಮಗೆ ಬಂದ ಮಾತುಗಳು. ಅರ್ಧ ಅಂಗಡಿ ಸಾಮಾನು ನಿನಗೆ ಈಗಲೇ ಗೊತ್ತು!

ಕೊನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಾಸ್ಕೋ ಡ ಗಾಮ ಭಾರತಕ್ಕೆ ಸಮುದ್ರದ ದಾರಿ ಕಂಡುಹಿಡಿದ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಆ ಮಾತನ್ನು ಇಲ್ಲಿ ಆಡಬೇಡ ಮಾರಾಯ. 1498ರ ಮಾರ್ಚ್‌ನಲ್ಲಿ ಅವನು ಮೊಜಾಂಬಿಕ್ ದ್ವೀಪಕ್ಕೆ ಬಂದಾಗ ಅಲ್ಲಿ ಆಗಲೇ ಬಂದರಿತ್ತು, ಸುಲ್ತಾನನಿದ್ದ, ಅರಬ್ಬರ ಹಡಗುಗಳಿದ್ದವು. ಬಂದವರೂ ಮುಸ್ಲಿಮರೇ ಅಂತ ಮೊದಲು ಅಂದುಕೊಂಡರು. ಅಲ್ಲ ಅಂತ ಗೊತ್ತಾದ ಮೇಲೆ ಜಗಳ. ಗಾಮ ಫಿರಂಗಿ ಹಾರಿಸಿಯೇ ಹೋದ. ಅದೇ ಹಡಗುಗಳು ಕಲ್ಲಿಕೋಟೆ ಮುಟ್ಟಿ, ವಾಪಸಾಗುವಾಗ ನಮ್ಮ ಕಾರವಾರದ ಪಕ್ಕದ ಅಂಜುದೀವದಲ್ಲಿ ನಿಂತಿದ್ದು.

ಆಮೇಲೆ 1752ರ ತನಕ ಈ ನಾಡನ್ನು ಆಳಿದ್ದು ಲಿಸ್ಬನ್ನಿನಿಂದ ನೇರವಾಗಿ ಅಲ್ಲ, ಗೋವಾದಿಂದ. ನನಗೂ ಇಲ್ಲಿಗೆ ಬಂದ ಮೇಲೆಯೇ ಗೊತ್ತಾಗಿದ್ದು. ಆ ಮೊಜಾಂಬಿಕ್ ದ್ವೀಪಕ್ಕೆ ಒಮ್ಮೆ ಹೋಗಿ ಬಾ. ಮೂರು ಕಿಲೋಮೀಟರಿಗೂ ಉದ್ದದ ಸೇತುವೆ ದಾಟಬೇಕು. ಕೋಟೆಯಿದೆ, 1522ರ ಪುಟ್ಟ ಇಗರ್ಜಿಯಿದೆ, ಹಳೆಯ ಹಿಂದೂ ದೇವಸ್ಥಾನವೂ ಇದೆ. ದಿಯುವಿನ ಗುಜರಾತಿ ವ್ಯಾಪಾರಿಗಳು ಬಟ್ಟೆ ತಂದು ಆನೆದಂತ ಒಯ್ಯುತ್ತಿದ್ದರು. ಗುಲಾಮರ ವ್ಯಾಪಾರದಲ್ಲೂ ಅವರ ದುಡ್ಡಿತ್ತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಲ್ಲಿನವರು ಮರೆತಿಲ್ಲ.

ನಮ್ಮ ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಗಳು ನಿನಗೆ ಗೊತ್ತಲ್ಲ? ಅವರ ಹಿರಿಯರಲ್ಲಿ ಎಷ್ಟೋ ಜನರನ್ನು ಈ ಪೂರ್ವ ಆಫ್ರಿಕಾದ ಕರಾವಳಿಯಿಂದ ಪೋರ್ಚುಗೀಸರು ಗೋವಾಕ್ಕೆ ಸಾಗಿಸಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಇಲ್ಲಿ ಸಂತೆಯಲ್ಲಿ ನಿಂತಾಗ ಒಂದೊಂದು ಮುಖ ನೋಡಿ, ಇವರನ್ನು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದೆನಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನಂಪುಲಾದ ಕಡೆ ಮುದುಕರು ಹೆಚ್ಚಾಗಿ ಹೇಳುವುದು ಹತ್ತಿಯ ಕಥೆ. 1938ರಿಂದ ಉತ್ತರದ ರೈತರಿಗೆ ಹತ್ತಿ ಬೆಳೆಯುವುದು ಕಡ್ಡಾಯ. ದರ ಸರ್ಕಾರದ್ದು, ಅದೂ ಪುಡಿಗಾಸು. ಹೊಟ್ಟೆಗೆ ಬೆಳೆಯಲು ಪುರಸೊತ್ತಿಲ್ಲದೆ ಊರೂರೇ ಹಸಿದವು. ಬಿಟ್ಟಿ ದುಡಿತಕ್ಕೆ ಇಲ್ಲಿ ಶಿಬಾಲು ಅನ್ನುತ್ತಾರೆ. ದಕ್ಷಿಣದ ಗಂಡಸರು ಜೊಹಾನ್ಸ್‌ಬರ್ಗಿನ ಚಿನ್ನದ ಗಣಿಗೆ ಹೋದರು. ಅವರ ಕೂಲಿಯ ಒಂದು ಪಾಲು ಚಿನ್ನವಾಗಿ ಪೋರ್ಚುಗೀಸ್ ಸರ್ಕಾರದ ಕೈ ಸೇರಿತು.

1960ರ ಜೂನ್ 16ರಂದು ಉತ್ತರದ ಮುಯೇದಾ ಊರಿನಲ್ಲಿ ನ್ಯಾಯ ಕೇಳಲು ಸೇರಿದ ಜನರ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. 1962ರಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಸ್ವಾತಂತ್ರ್ಯಕ್ಕೆ ಹೋರಾಡುವ ಫ್ರೆಲಿಮೊ ಸಂಘಟನೆ ಹುಟ್ಟಿತು. 1964ರ ಸೆಪ್ಟೆಂಬರ್ 25ಕ್ಕೆ ಯುದ್ಧ ಶುರು. ಮುಂದಾಳು ಎದುವಾರ್ದು ಮೊಂಡ್ಲಾನೆ ಮೊದಲು ಅಮೆರಿಕದಲ್ಲಿ ಪಾಠ ಮಾಡುತ್ತಿದ್ದವರು. 1969ರಲ್ಲಿ ಪಾರ್ಸೆಲ್ ಬಾಂಬಿಗೆ ಬಲಿಯಾದರು. ಅವರ ನಂತರ ಸಮೋರಾ ಮಶೆಲ್, ಒಂದು ಕಾಲಕ್ಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1974ರಲ್ಲಿ ಲಿಸ್ಬನ್ನಿನಲ್ಲೇ ಸೈನಿಕರು ಸರ್ಕಾರ ಉರುಳಿಸಿದರು. 1975ರ ಜೂನ್ 25ಕ್ಕೆ ಮೊಜಾಂಬಿಕ್ ಸ್ವತಂತ್ರವಾಯಿತು, ಸಮೋರಾ ಮೊದಲ ಅಧ್ಯಕ್ಷರಾದರು.

ಈ ನಡುವೆ ನಮ್ಮವರ ಪಾಡು? 1961ರ ಡಿಸೆಂಬರಿನಲ್ಲಿ ಭಾರತ ಗೋವಾ ಬಿಡಿಸಿಕೊಂಡಿತಲ್ಲ, ಆ ಸಿಟ್ಟಿಗೆ ಪೋರ್ಚುಗೀಸರು ಇಲ್ಲಿದ್ದ ಭಾರತೀಯರನ್ನು ಶಿಬಿರಗಳಲ್ಲಿ ಕೂಡಿಹಾಕಿದರು, ಆಸ್ತಿ ಕಿತ್ತುಕೊಂಡರು, ದೇಶ ಬಿಡಿಸಿದರು. ಹಾಗೆಂದು ಎಲ್ಲ ಭಾರತೀಯರೂ ಅಂಗಡಿಯವರೇ ಅಲ್ಲ. ಗೋವಾದಲ್ಲಿ ಹುಟ್ಟಿದ ಅಕ್ವಿನೊ ದ ಬ್ರಗಾನ್ಸಾ ಸಮೋರಾಗೆ ತೀರಾ ಹತ್ತಿರದವರು. 1986ರಲ್ಲಿ ಸಮೋರಾ ಸತ್ತ ಅದೇ ವಿಮಾನ ಅಪಘಾತದಲ್ಲಿ ಅವರೂ ಹೋದರು. ಯಾರಾದರೂ ನಿನ್ನನ್ನು ‘ಮೊನ್ಯೆ’ ಅಂತ ಕರೆದರೆ (ನಮ್ಮಂಥ ವ್ಯಾಪಾರಿಗಳಿಗೆ ಹಂಗಿಸಿ ಹೇಳುವ ಮಾತು) ಸುಮ್ನೆ ನಕ್ಕುಬಿಡು. ಆಮೇಲೆ ಅಕ್ವಿನೊ ಹೆಸರು ಎತ್ತು. ಹಿರಿಯರಾದರೆ ಕುರ್ಚಿ ಎಳೆದು ಕೂರಿಸುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ 1977ರಿಂದ 1992ರ ತನಕ ಒಳಗಿನ ಯುದ್ಧ. ಅದನ್ನು ನೀನಾಗಿ ಕೇಳಬೇಡ. ಅವರಾಗಿ ಹೇಳಿದರೆ ಕೇಳಿಸಿಕೋ.

ರಾಜಧಾನಿ ಮಪುಟೊದಲ್ಲಿ ಇಳಿದಾಗ ಜುಲೈ 24 ಅನ್ನುವ ದೊಡ್ಡ ರಸ್ತೆ ಸಿಗುತ್ತದೆ. ಆ ಊರಿನ ಕೊಲ್ಲಿ ಪೋರ್ಚುಗಲ್ಲಿಗೇ ಸೇರಿದ್ದು, ಬ್ರಿಟಿಷರಿಗಲ್ಲ ಅಂತ 1875ರ ಜುಲೈ 24ರಂದು ಫ್ರಾನ್ಸಿನ ಅಧ್ಯಕ್ಷರು ಪಂಚಾಯ್ತಿ ತೀರ್ಪು ಕೊಟ್ಟಿದ್ದರು. ಸರಿಯಾಗಿ ನೂರು ವರ್ಷಕ್ಕೆ ಅದೇ ದಿನ ಸಮೋರಾ ಶಾಲೆ, ಆಸ್ಪತ್ರೆಗಳನ್ನು ಸರ್ಕಾರದ್ದು ಮಾಡಿದರು. ಬೋರ್ಡು ಬದಲಿಸುವ ಖರ್ಚೇ ಉಳಿಯಿತು ನೋಡು!

ಈಗ ನಮ್ಮ ಗೇರುಬೀಜ. ಒಂದು ಕಾಲಕ್ಕೆ ಇದರಲ್ಲಿ ಮೊಜಾಂಬಿಕ್ ಜಗತ್ತಿಗೇ ಮೊದಲು. ಬೀಜ ಸುಲಿಯುವ ಫ್ಯಾಕ್ಟರಿಗಳಿದ್ದವು, ಕೈತುಂಬ ಕೆಲಸವಿತ್ತು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಡಕ್ಕೆ ಹಸಿಬೀಜದ ರಫ್ತಿನ ಮೇಲಿನ ಸುಂಕ ಇಳಿಸಿದರು. ಬೀಜ ಹಡಗು ಹತ್ತಿ ಭಾರತಕ್ಕೆ ಹೋಯಿತು, ಇಲ್ಲಿ ಫ್ಯಾಕ್ಟರಿಗಳಿಗೆ ಬೀಗ ಬಿತ್ತು. ಸಾವಿರಾರು ಜನ, ಅದರಲ್ಲೂ ಹೆಂಗಸರು ಜಾಸ್ತಿ, ಮನೆ ಸೇರಿದರು. ನಮ್ಮೂರಿನ ಫ್ಯಾಕ್ಟರಿ ಹೆಂಗಸರಿಗೆ ಸಿಕ್ಕ ಪಗಾರ ಇವರ ಕೈಯಿಂದ ಹೋದದ್ದು. ಹಾಗಾಗಿ ನೀನು ಚೀಲ ಹಿಡಿದು ನಿಂತಾಗ ರೈತ ಮೊದಲು ನೋಡುವುದು ನಿನ್ನ ಮುಖವನ್ನಲ್ಲ, ತಕ್ಕಡಿಯನ್ನು. ಹತ್ತಿಯ ಕಾಲದಿಂದ ಬಂದ ಅಭ್ಯಾಸ ಅದು.

ಅದಕ್ಕೇ ನಾನು ಮಾಡುವುದಿಷ್ಟು. ಮೊದಲು ‘ಸಲಾಮಾ’ ಅಂತ ಮಾತನಾಡಿಸುತ್ತೇನೆ, ಮಕ್ಕಳು ಮರಿ ವಿಚಾರಿಸುತ್ತೇನೆ. ಗೊತ್ತಿರುವ ತೂಕದ ಕಲ್ಲನ್ನು ರೈತನ ಕೈಗೇ ಕೊಟ್ಟು ತಕ್ಕಡಿ ಪರೀಕ್ಷೆ ಮಾಡಿಸುತ್ತೇನೆ. ಆಮೇಲೆ ದರದ ಮಾತು. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಇಲ್ಲಿ ಬೀಜದ ಹಂಗಾಮು ಅಕ್ಟೋಬರಿಗೆ ಶುರು, ನಮ್ಮ ಕಡೆಯ ಹಾಗೆ ಬೇಸಿಗೆಯಲ್ಲಲ್ಲ. ಸೆಪ್ಟೆಂಬರಿನಲ್ಲೇ ಬಂದುಬಿಡು. ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತಾ. ಡಬ್ಬಿಗೆ ಎರಡು ಪ್ಲಾಸ್ಟಿಕ್ ಸುತ್ತು. ಹೋದ ಸಲ ನನ್ನ ಅಂಗಿಗಳೆಲ್ಲ ಅದರಲ್ಲೇ ನೆನೆದಿದ್ದವು.